ಪ್ರತಿಕ್ರಿಯೆ: ಕಪ್ಪು ಸಮುದ್ರದ ಮಾದರಿಯಲ್ಲಿ ಆಂಚೊವಿ ಕುಸಿಯುತ್ತಿಲ್ಲವೇಕೆ?

ಕಪ್ಪು ಸಮುದ್ರದ ಜೀವಿಗಳ ಏರಿಳಿತವನ್ನು ಸಮೀಕರಣಗಳಲ್ಲಿ ಲೆಕ್ಕ ಹಾಕುವ ನಿಮ್ಮ ಮಾದರಿಯಲ್ಲಿ ಆಂಚೊವಿ ಮೀನಿನ ಸಂಖ್ಯೆ ಏಕೆ ಕುಸಿಯುತ್ತಿಲ್ಲ ಎಂದು ಕೇಳಿದ್ದೀರಿ. ಹೊರಗಿನಿಂದ ಬಂದ ನೆಮಿಯೊಪ್ಸಿಸ್ (ಜೆಲ್ಲಿಮೀನನ್ನು ಹೋಲುವ ಬಾಚಣಿಗೆ ಜೆಲ್ಲಿ) ಸೇರಿದ ಮೇಲೂ ನಿಮ್ಮ ಗ್ರಾಫ್‌ನಲ್ಲಿ ಅದು ಕುಸಿಯದಿರಲು ಬಹುಶಃ ಇದೇ ಕಾರಣ: ಆ ಬಾಚಣಿಗೆ ಜೆಲ್ಲಿಯನ್ನು ನೀವು ಮೀನಿನ ಆಹಾರಕ್ಕೆ ಪೈಪೋಟಿ ನೀಡುವ ಜೀವಿಯೆಂದು ಮಾತ್ರ ಲೆಕ್ಕ ಹಿಡಿದಿದ್ದೀರಿ. ಆದರೆ ಅದು ಮೀನಿನ ಆಹಾರವಾದ ಪ್ರಾಣಿಪ್ಲವಕಗಳ (ನೀರಿನಲ್ಲಿ ತೇಲುವ ಪುಟ್ಟ ಪ್ರಾಣಿಗಳ) ಜೊತೆಗೆ ಆಂಚೊವಿಯ ಮೊಟ್ಟೆ, ಮರಿಗಳನ್ನೂ ನುಂಗುತ್ತದೆ.

ಮೊದಲು ಆಂಚೊವಿಯನ್ನು ಮೊಟ್ಟೆ-ಮರಿ ಮತ್ತು ಬಲಿತ ಮೀನು ಎಂದು ಎರಡು ಸಮೀಕರಣಗಳಾಗಿ ಒಡೆಯಿರಿ. ಜೆಲ್ಲಿಯ ಬೇಟೆ ಮೊದಲನೆಯದಕ್ಕೆ ಮಾತ್ರ ಅನ್ವಯಿಸಲಿ. ನಂತರ ಜೆಲ್ಲಿಯ ವೃದ್ಧಿ ದರವನ್ನು ಧಾರಾಳವಾಗಿ ಏರಿಸಿ. ಅದು ಉಭಯಲಿಂಗಿ, ತನ್ನ ಮೊಟ್ಟೆಗಳನ್ನು ತಾನೇ ಫಲಿತಗೊಳಿಸಿಕೊಳ್ಳಬಲ್ಲದು, ದಿನಕ್ಕೆ ಸಾವಿರಾರು ಮೊಟ್ಟೆ ಇಡಬಲ್ಲದು. ಆಮೇಲೆ ಮೀನುಗಾರಿಕೆಯಿಂದಾಗುವ ನಷ್ಟವನ್ನೂ ಸಮೀಕರಣಕ್ಕೆ ಸೇರಿಸಿ, ಇಲ್ಲವಾದರೆ ಎಲ್ಲ ಆರೋಪವೂ ಜೆಲ್ಲಿಯ ತಲೆಗೇ ಬೀಳುತ್ತದೆ. 1980ರ ದಶಕದ ಕೊನೆಯ ಕುಸಿತದಲ್ಲಿ ಅತಿಮೀನುಗಾರಿಕೆಯ ಪಾಲೆಷ್ಟು, ಜೆಲ್ಲಿಯ ಪಾಲೆಷ್ಟು ಎಂಬುದು ತಜ್ಞರ ನಡುವೆಯೇ ಬಗೆಹರಿಯದ ತಕರಾರು. ಆದ್ದರಿಂದ ಒಮ್ಮೆ ಮೀನುಗಾರಿಕೆಯನ್ನು, ಒಮ್ಮೆ ಜೆಲ್ಲಿಯನ್ನು ಸೊನ್ನೆ ಮಾಡಿ ಎರಡೂ ಗ್ರಾಫ್‌ಗಳನ್ನು ಕೊಡಿ.

ಚೇತರಿಕೆಯನ್ನೂ ತೋರಿಸಬೇಕಿದ್ದರೆ ನೆಮಿಯೊಪ್ಸಿಸ್ ಅನ್ನೇ ತಿನ್ನುವ ಇನ್ನೊಂದು ಬಾಚಣಿಗೆ ಜೆಲ್ಲಿ ಬೆರೊಯಿ ಓವಾಟಾವನ್ನು ಸೇರಿಸಿ. ಇದೂ ಹೊರಗಿನಿಂದ ಬಂದದ್ದೇ! ಆದರೆ 1997ಕ್ಕಿಂತ ಮೊದಲು ಅದರ ಸಂಖ್ಯೆ ಸೊನ್ನೆಯಾಗಿಯೇ ಇರಲಿ.