ಗಾಳ ಬೇಡ, ಟೊಪ್ಪಿ ಇರಲಿ

ಪ್ರಶ್ನೆ: ನಲವತ್ತು ವರ್ಷಗಳಿಂದ ಸ್ವರ್ಣಾ ನದಿಯಲ್ಲಿ ಗಾಳ ಹಾಕುತ್ತಿದ್ದೇನೆ. ಏಪ್ರಿಲಿನಲ್ಲಿ ಅಮೆರಿಕದ ಒರೆಗಾನ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇನೆ. ಅಳಿಯ ಮೆಕೆಂಜಿ ನದಿಯಲ್ಲಿ ದೋಣಿ ಹತ್ತಿಸಿ ಟ್ರೌಟ್ ಎಂಬ ಮೀನು ಹಿಡಿಸುತ್ತಾನಂತೆ. ಎರೆಹುಳು ಬೇಡ, ನೊಣ ಸಾಕು ಎನ್ನುತ್ತಾನೆ. ನನ್ನ ಗಾಳ ಒಯ್ಯಲೇ?
– ಓದುಗರೊಬ್ಬರು, ಕಲ್ಯಾಣಪುರ

ಉತ್ತರ: ಬೇಡ ಮಾರಾಯರೇ. ಆ ನೊಣ ನಿಜವಾದ ನೊಣವಲ್ಲ. ಗಾಳದ ಕೊಕ್ಕೆಗೆ ಪುಕ್ಕ, ರೋಮ, ಕೆಲವೊಮ್ಮೆ ನವಿಲುಗರಿಯ ಎಳೆ ಸುತ್ತಿ ಮಾಡಿದ್ದು. ನಮ್ಮಲ್ಲಿ ಸೀಸದ ಗುಂಡಿನ ಭಾರಕ್ಕೆ ದಾರ ಹಾರುತ್ತದೆ. ಅಲ್ಲಿ ನೊಣಕ್ಕೆ ತೂಕವೇ ಇಲ್ಲ, ದಪ್ಪ ದಾರವೇ ತನ್ನ ಭಾರದಿಂದ ಅದನ್ನು ಹೊತ್ತೊಯ್ಯಬೇಕು. ಕೋಲನ್ನು ಹಿಂದಕ್ಕೆ ಬೀಸಿ ನಿಲ್ಲಿಸಿ. ಬೆನ್ನ ಹಿಂದೆ ದಾರ ಪೂರ್ತಿ ಬಿಚ್ಚಿಕೊಂಡ ಮೇಲೆಯೇ ಮುಂದಕ್ಕೆ ಬೀಸಬೇಕು. ಆ ಅರೆಗಳಿಗೆ ಕಾಯುವುದೇ ನಮ್ಮಂಥವರಿಗೆ ಕಷ್ಟ. ನಾನು ಕಾಯದೆ ಬೀಸಿ ನನ್ನ ಮಂಕಿಕ್ಯಾಪನ್ನೇ ಹಿಡಿದಿದ್ದೆ. ಒಳಗಿದ್ದ ಕಿವಿ ಉಳಿದದ್ದು ಪುಣ್ಯ. ಆದ್ದರಿಂದ ಟೊಪ್ಪಿ, ಕನ್ನಡಕ ಎರಡೂ ಇರಲಿ. ಅಳಿಯನ ಕೋಲು ಕೈಗೆ ಬಂದ ದಿನ ಕೊಕ್ಕೆಯ ಬದಲು ಉಣ್ಣೆಯ ಚೂರು ಕಟ್ಟಿ, ಹುಲ್ಲಿನ ಮೇಲೆ ಅಭ್ಯಾಸ ಮಾಡಿ.

ದೋಣಿಯೂ ಬೇರೆ ಜಾತಿಯದು. ಚಪ್ಪಟೆ ತಳ, ಎರಡೂ ತುದಿ ಮೇಲಕ್ಕೆದ್ದಿರುತ್ತವೆ. ನಮ್ಮ ಅಂಬಿಗ ಜಲ್ಲೆ ಊರಿ ಮುಂದಕ್ಕೆ ನೂಕಿದರೆ, ಅಲ್ಲಿನವನು ನಡುವೆ ಕುಳಿತು, ನೀರು ಹರಿಯುವತ್ತ ಮುಖ ಮಾಡಿ, ಹುಟ್ಟುಗಳನ್ನು ಹಿಂದಕ್ಕೆ ಎಳೆಯುತ್ತಾನೆ. ದೋಣಿ ನೀರಿಗಿಂತ ನಿಧಾನವಾಗಿ ಇಳಿಯುತ್ತದೆ. ಮುಂದೆ ನಿಂತವರಿಗೆ ತೊಡೆ ಒತ್ತಿ ನಿಲ್ಲಲು ಅರ್ಧಚಂದ್ರದಂತೆ ಕೊರೆದ ಹಲಗೆ ಇರುತ್ತದೆ. ಅದನ್ನು ಬಿಟ್ಟು ಅಲುಗಬೇಡಿ.

ನಿಮ್ಮ ಕಲ್ಯಾಣಪುರದಲ್ಲಿ ಉಬ್ಬರ ಬಂದರೆ ನದಿಯೇ ಹಿಂದಕ್ಕೆ ತಿರುಗುತ್ತದೆ. ಅಲ್ಲಿ ಒಂದೇ ದಿಕ್ಕು, ಟ್ರೌಟ್ ಅದಕ್ಕೆ ಎದುರಾಗಿ ನಿಂತು ತೇಲಿ ಬರುವ ಹುಳುವಿಗೆ ಕಾಯುತ್ತದೆ. ರಭಸದ ನೀರೂ ನಿಧಾನದ ನೀರೂ ಕೂಡುವ ಗೆರೆಯ ಮೇಲೆ ನೊಣ ಬಿಡಿ. ದಾರ ಎಳೆದು ನೊಣ ಗೀರು ಹಾಕಿದರೆ ಮೀನಿಗೆ ಮೋಸ ಗೊತ್ತಾಗುತ್ತದೆ. ವಸಂತದ ಮಧ್ಯಾಹ್ನಗಳಲ್ಲಿ ಮಾರ್ಚ್ ಬ್ರೌನ್ ಎಂಬ ಕಂದು ಹುಳುಗಳು ನೀರಿನಿಂದೇಳುತ್ತವೆ. ಆಗ ಊಟಕ್ಕೆ ಕೂರಬೇಡಿ.

ಪರವಾನಗಿ ಮೊದಲೇ ಮಾಡಿಸಿಕೊಳ್ಳಿ. ಇನ್ನೊಂದು ಮಾತು ನಿಮಗೆ ಕಹಿಯಾಗಬಹುದು: ಸಾಕಿ ಬಿಟ್ಟದ್ದಲ್ಲದ, ನದಿಯಲ್ಲೇ ಹುಟ್ಟಿದ ಕಾಡು ಟ್ರೌಟನ್ನು ಅಲ್ಲಿ ಹಿಡಿದು ನೀರಿಗೇ ಬಿಡಬೇಕು. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಅದರ ಲೋಳೆ ಒರೆಸಿಹೋಗಬಾರದು.

ಪ್ರಶ್ನೆ: ನಮ್ಮ ತೋಟದ ಕೆರೆಯಲ್ಲಿ ಟ್ರೌಟ್ ಸಾಕಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಆಗದು ತಾಯಿ. ಅದಕ್ಕೆ 20 ಡಿಗ್ರಿಗಿಂತ ತಣ್ಣಗಿನ, ಆಮ್ಲಜನಕ ತುಂಬಿದ ನೀರು ಬೇಕು. ನಮ್ಮ ದಕ್ಷಿಣದಲ್ಲಿ ನೀಲಗಿರಿ, ಮುನ್ನಾರ್‌ಗಳಂಥ ಎತ್ತರದಲ್ಲಷ್ಟೇ ಅದು ಬದುಕಿದೆ. ನಿಮ್ಮ ಕೆರೆಗೆ ಕಾಟ್ಲಾ, ರೋಹು ಬಿಡಿ.