ಸೇನೆಯ ದಾಖಲೆಯಲ್ಲಿ ರೋಗದ ಹೆಸರಿಲ್ಲ, ಪರಿಹಾರ ಸಿಗುತ್ತದೆಯೇ?

ಪ್ರಶ್ನೆ: ಅಮೆರಿಕದ ಸೇನೆಯಲ್ಲಿ ಆರು ವರ್ಷ ಇದ್ದೆ. ಮುಟ್ಟಿನ ಹೊಟ್ಟೆನೋವೆಂದು ಕ್ಲಿನಿಕ್ಕಿಗೆ ಹೋದಾಗಲೆಲ್ಲ ಐಬುಪ್ರೊಫೆನ್ ಕೊಟ್ಟು ಕಳುಹಿಸುತ್ತಿದ್ದರು. ಸೇನೆ ಬಿಟ್ಟು ಎರಡು ವರ್ಷವಾದ ಮೇಲೆ ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಹೊಟ್ಟೆಯೊಳಗೆ ನೋಡುವ ಶಸ್ತ್ರಚಿಕಿತ್ಸೆ) ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ರೋಗ, ಎಂದು ತಿಳಿಯಿತು. ಅಂಗವೈಕಲ್ಯ ಪರಿಹಾರ ಕೇಳಬಹುದೇ?

ಉತ್ತರ: ಅಮೆರಿಕದ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯನ್ನು ಧಾರಾಳವಾಗಿ ಕೇಳಿ. ಸೇನೆಯ ಕೆಲಸದಿಂದಲೇ ರೋಗ ಬಂದಿತೆಂದು ಸಾಬೀತು ಮಾಡಬೇಕು ಎಂದುಕೊಂಡು ಅನೇಕರು ಅರ್ಜಿಯನ್ನೇ ಹಾಕುವುದಿಲ್ಲ. ಸೇವೆಯಲ್ಲಿದ್ದಾಗ ಅದು ಶುರುವಾಗಿತ್ತು ಎಂದು ತೋರಿಸಿದರೂ ಸಾಕು. ಆ ಐಬುಪ್ರೊಫೆನ್ ಚೀಟಿಗಳನ್ನು ಹಗುರವಾಗಿ ಕಾಣಬೇಡಿ. 'ಮುಟ್ಟಿನ ನೋವು, ಎರಡು ದಿನ ವಿಶ್ರಾಂತಿ' ಎಂಬ ಒಂದು ಸಾಲೇ ನಿಮ್ಮ ಸಾಕ್ಷಿ. ಸೇವಾವಧಿಯ ವೈದ್ಯಕೀಯ ದಾಖಲೆ ಪೂರ್ತಿ ತರಿಸಿಕೊಳ್ಳಿ. ಅದನ್ನು ಈಗಿನ ಸ್ತ್ರೀರೋಗ ತಜ್ಞರಿಗೆ ಓದಲು ಕೊಟ್ಟು, ರೋಗ ಆಗಲೇ ಶುರುವಾಗಿರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ ಇದೆಯೇ ಎಂದು ಕೇಳಿ. ಇದೆ ಎಂದರೆ ಕಾರಣಸಹಿತ ಬರೆಸಿಕೊಳ್ಳಿ. ಕಾರಣವಿಲ್ಲದ ಪತ್ರಕ್ಕೆ ಬೆಲೆ ಕಡಿಮೆ. ಜೊತೆಗಿದ್ದ ಸಹೋದ್ಯೋಗಿ ಕಣ್ಣಾರೆ ಕಂಡದ್ದನ್ನು ಬರೆದುಕೊಟ್ಟರೆ ಅದೂ ಸಾಕ್ಷ್ಯವೇ.

ಅಂಗವೈಕಲ್ಯ ಎಷ್ಟೆಂದು ಇಲಾಖೆ ಶೇಕಡಾವಾರು ಅಳೆಯುತ್ತದೆ. ನೋವು ಅಥವಾ ಅತಿಸ್ರಾವ ನಿರಂತರ ಚಿಕಿತ್ಸೆಯಿಂದ ಹತೋಟಿಯಲ್ಲಿದ್ದರೆ ಶೇ 10, ಚಿಕಿತ್ಸೆಗೂ ಬಗ್ಗದಿದ್ದರೆ ಶೇ 30. ರೋಗ ಕರುಳಿಗೋ ಮೂತ್ರಕೋಶಕ್ಕೋ ಹಬ್ಬಿರುವುದು ಲ್ಯಾಪರೊಸ್ಕೋಪಿಯಲ್ಲಿ ಖಚಿತವಾಗಿ, ಆ ಅಂಗದ ತೊಂದರೆಯೂ ಹತೋಟಿಗೆ ಬಾರದ ನೋವು ಅಥವಾ ಸ್ರಾವವೂ ಇದ್ದರೆ ಶೇ 50. ಆದ್ದರಿಂದ ಶಸ್ತ್ರಚಿಕಿತ್ಸೆಯ ಪೂರ್ಣ ವರದಿಯನ್ನೇ ಲಗತ್ತಿಸಿ, ಆಸ್ಪತ್ರೆಯ ಬಿಡುಗಡೆ ಚೀಟಿ ಸಾಲದು. ಮುಂದೆ ಇದೇ ರೋಗಕ್ಕಾಗಿ ಗರ್ಭಕೋಶ ತೆಗೆಯಬೇಕಾಗಿ ಬಂದರೆ ಮೂರು ತಿಂಗಳು ಶೇ 100, ಆಮೇಲೆ ಶೇ 30. ಗರ್ಭಕೋಶದ ಜೊತೆ ಎರಡೂ ಅಂಡಾಶಯ ಹೋದರೆ ಮೂರು ತಿಂಗಳ ನಂತರ ಶೇ 50. ಸಂತಾನೋತ್ಪತ್ತಿಯ ಅಂಗ ಕಳೆದುಕೊಂಡವರಿಗೆ ಪ್ರತ್ಯೇಕ ಮಾಸಿಕ ಮೊತ್ತವೂ ಉಂಟು.

2022ರ ಪ್ಯಾಕ್ಟ್ ಕಾಯ್ದೆಯನ್ನು ನೆಚ್ಚಬೇಡಿ. ಸೇನಾ ನೆಲೆಗಳಲ್ಲಿ ಕಸ ಸುಡುತ್ತಿದ್ದ ಗುಂಡಿಗಳ ಹೊಗೆ ಕುಡಿದವರ ಸಂತಾನೋತ್ಪತ್ತಿ ಅಂಗಗಳ ಕ್ಯಾನ್ಸರ್‌ಗೆ ಅದು ಅನ್ವಯಿಸುತ್ತದೆ, ಎಂಡೊಮೆಟ್ರಿಯೋಸಿಸ್‌ಗಲ್ಲ.

ಇಲಾಖೆಯ ಪರೀಕ್ಷೆಗೆ ಹೋದಾಗ 'ಪರವಾಗಿಲ್ಲ' ಎನ್ನುವ ಸೈನಿಕರ ಚಾಳಿಯನ್ನು ಬಾಗಿಲಾಚೆಯೇ ಬಿಡಿ. ತಿಂಗಳಲ್ಲಿ ಎಷ್ಟು ದಿನ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ, ಎಷ್ಟು ರಜೆ ಹಾಕಿದಿರಿ, ಎಲ್ಲವನ್ನೂ ಹೇಳಿ.

ಕಾಗದಪತ್ರ ಕೂಡಿಬರಲಿ ಎಂದು ಕಾಯುತ್ತ ಕೂರಬೇಡಿ. ಅರ್ಜಿ ಹಾಕುವ ಉದ್ದೇಶವಿದೆಯೆಂದು ಇಲಾಖೆಗೆ ಇಂದೇ ತಿಳಿಸಿ, ಒಂದು ವರ್ಷದೊಳಗೆ ಪೂರ್ಣ ಅರ್ಜಿ ಸಲ್ಲಿಸಿ. ಅರ್ಜಿ ಮಂಜೂರಾದರೆ ಸಾಮಾನ್ಯವಾಗಿ ಇಂದಿನಿಂದಲೇ ಲೆಕ್ಕ ಹಿಡಿಯುತ್ತಾರೆ. ಮಾನ್ಯತೆ ಪಡೆದ ಮಾಜಿ ಸೈನಿಕರ ಸಂಘಗಳ ಪ್ರತಿನಿಧಿಗಳು ಅರ್ಜಿ ತುಂಬಲು ಉಚಿತವಾಗಿಯೇ ನೆರವಾಗುತ್ತಾರೆ.