ಬರಿಗಾಲೋ, ಬೂಟೋ?

ಪ್ರಶ್ನೆ: ಸರ್, ನನ್ನ ಮಗ ಎಂಟನೇ ಕ್ಲಾಸು. ಫುಟ್‌ಬಾಲ್ ಬೂಟು ಬೇಕೇ ಬೇಕು ಎಂದು ಹಟ ಹಿಡಿದಿದ್ದಾನೆ. ನಮ್ಮ ಮಾವನವರು, "1948ರಾಗ ನಮ್ಮವರು ಬರಿಗಾಲಾಗ ಒಲಿಂಪಿಕ್ಸ್ ಆಡಿಲ್ಲೇನು?" ಅನ್ನುತ್ತಾರೆ. ಬರಿಗಾಲು ಅಂತಲೇ ವರ್ಲ್ಡ್ ಕಪ್‌ಗೆ ಸೇರಿಸಲಿಲ್ಲ ಅಂತಲೂ ಅವರೇ ಹೇಳುತ್ತಾರೆ. ನಿಜವೇನು? ಬೂಟು ಕೊಡಿಸಲೋ ಬೇಡವೋ?
— ಬೆಟಗೇರಿಯ ಓದುಗರು

ಉತ್ತರ: ಮಾವನವರಿಗೆ ನಮಸ್ಕಾರ ಹೇಳಿರಿ ತಂಗಿ. ಅವರ ಮೊದಲ ಮಾತು ಪಕ್ಕಾ.

1948ರ ಜುಲೈ 31. ಸ್ವಾತಂತ್ರ್ಯ ಬಂದು ವರ್ಷ ತುಂಬಲು ಇನ್ನೂ ಹದಿನೈದು ದಿನ ಬಾಕಿ. ಲಂಡನ್ ಹತ್ತಿರದ ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ಎದುರು ನಮ್ಮ ತಂಡ. ಕ್ಯಾಪ್ಟನ್ ತಾಲಿಮೆರೆನ್ ಆವ್, ನಾಗಾ ಹುಡುಗ, ಡಾಕ್ಟರಿಕೆ ಓದುತ್ತಿದ್ದವನು. ಹೆಚ್ಚಿನವರು ಬರಿಗಾಲು, ಕೆಲವರು ಪಾದಕ್ಕೆ ಬ್ಯಾಂಡೇಜ್ ಸುತ್ತಿಕೊಂಡಿದ್ದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ನಮ್ಮ ಮೈಸೂರು ತಂಡದ ಸಾರಂಗಪಾಣಿ ರಾಮನ್ ಅದನ್ನು ಸಮ ಮಾಡಿದರು. ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಹೊಡೆದು 2–1ರಲ್ಲಿ ಗೆದ್ದಿತು.

ಎಲ್ಲರೂ ಬರಿಗಾಲಿನ ಕಥೆ ಹೇಳುತ್ತಾರೆ, ನಡುವೆ ಎರಡು ಪೆನಾಲ್ಟಿ ಕೈತಪ್ಪಿದ್ದನ್ನು ಮಾತ್ರ ಮರೆಯುತ್ತಾರೆ. ಎರಡು! ಒಂದು ಒಳಗೆ ಹೋಗಿದ್ದರೂ ಲೆಕ್ಕ ಬೇರೆ ಇರುತ್ತಿತ್ತು, ಅಲ್ವಾ? ನನಗೆ ಆ ಸೋಲಿಗೆ ಬೂಟಿಗಿಂತ ಪೆನಾಲ್ಟಿಯೇ ಕಾರಣ ಅನ್ನಿಸುತ್ತದೆ.

ಮಾವನವರ ಎರಡನೇ ಮಾತನ್ನು ನಾನು ಒಪ್ಪುವುದಿಲ್ಲ. 1950ರ ವರ್ಲ್ಡ್ ಕಪ್‌ಗೆ ಕರೆ ಬಂದಿತ್ತು. ಆದರೆ ನಮ್ಮ ಫೆಡರೇಷನ್ ಹಿಂದೆ ಸರಿಯಿತು. ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ, ಅಭ್ಯಾಸಕ್ಕೆ ಹೊತ್ತಿಲ್ಲ ಎಂದಿತು. ಆಗಿನ ದೊಡ್ಡವರಿಗೆ ಒಲಿಂಪಿಕ್ಸೇ ದೊಡ್ಡದು. ಬರಿಗಾಲಿನ ಬಿಸಿ ಮುಟ್ಟಿದ್ದು 1952ರ ಒಲಿಂಪಿಕ್ಸ್‌ನಲ್ಲಿ. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 10–1ರ ಸೋಲು! ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಅದಾದ ಮೇಲೆ ಬೂಟು ಕಡ್ಡಾಯವಾಯಿತು. ನಾಲ್ಕೇ ವರ್ಷಕ್ಕೆ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ.

ನಾನೂ ಹುಬ್ಬಳ್ಳಿ ನೆಹರೂ ಮೈದಾನದಲ್ಲಿ ಬರಿಗಾಲಲ್ಲೇ ಕಲಿತವನು. ಒಂದು ಸಂಜೆ ಎದುರು ತಂಡದ ರಕ್ಷಣೆ ಆಟಗಾರನೊಬ್ಬ ಬೂಟಿನ ಸ್ಟಡ್ (ಅಡಿಯ ಗುಬುಟು) ಸಮೇತ ನನ್ನ ಹೆಬ್ಬೆರಳ ಮೇಲೆ ನಿಂತ. ನಮ್ಮವ್ವ ಎಣ್ಣೆ-ಅರಿಶಿಣ ಕಟ್ಟುತ್ತಾ, "ಇನ್ನ ಆಟಾ ಸಾಕು ಮಾಡು" ಅಂದಳು. ಮೂರನೇ ದಿನ ಮತ್ತೆ ಹೋದೆ. ಆ ಉಗುರು ಇವತ್ತಿಗೂ ಸೊಟ್ಟಗೇ ಬೆಳೆಯುತ್ತದೆ. ಉಳಿದವರೆಲ್ಲ ಬೂಟು ಹಾಕಿರುವಾಗ ನಿಮ್ಮ ಹುಡುಗನೊಬ್ಬನೇ ಬರಿಗಾಲಲ್ಲಿ ಇರುವುದು ಬೇಡ.

ಕೊಡಿಸಿರಿ, ಆದರೆ ಜಾಸ್ತಿ ದುಡ್ಡಿನದು ಬೇಡ. ಬೆಳೆಯುವ ಕಾಲು, ವರ್ಷಕ್ಕೇ ಬಿಗಿಯಾಗುತ್ತದೆ. ಹಾಗಂತ ಎರಡು ಸೈಜ್ ದೊಡ್ಡದು ತಂದು ಸಾಕ್ಸ್ ತುಂಬಬೇಡಿ, ಒಳಗೆ ಕಾಲು ಜಾರಿ ಬೊಕ್ಕೆ ಬರುತ್ತವೆ. ಬೇಸಿಗೆಯಲ್ಲಿ ನಿಮ್ಮ ಕಡೆಯ ನೆಲ ಕಲ್ಲಿನಂತೆ ಗಟ್ಟಿ. ಅದಕ್ಕೆ ಉದ್ದ ಸ್ಟಡ್ ಬೇಡ, ಗಿಡ್ಡ ರಬ್ಬರ್ ಗುಬುಟಿನದು ಸಾಕು. ಮಳೆಗಾಲದಲ್ಲಿ ಎರೆಮಣ್ಣು ಅಂಟಿ ಬೂಟು ಎರಡು ಪಟ್ಟು ಭಾರ ಆಗುತ್ತದೆ. ಹಸಿ ಇದ್ದಾಗಲೇ ಕಡ್ಡಿಯಿಂದ ಕೆರೆದು ತೆಗೆಯಲಿ. ಒಲೆ ಪಕ್ಕ ಒಣಗಿಸಬೇಡಿ, ಅಂಟು ಬಿಟ್ಟುಕೊಳ್ಳುತ್ತದೆ. ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿ ಇಡಿ. ಮಾವನವರು ಓದಿ ಮುಗಿಸಿದ ಮೇಲೆ ಮಾತ್ರ!